ಬಳೆ ಜಾರಿದ ಶ್ರಾವಣ

ಮೊನ್ನೆ ಶ್ರಾವಣದ ಮೊದಲ ಸೋಮವಾರ ಮುಂಜಾನೆ, ಮಹಾರಾಷ್ಟ್ರದ ಗಡಿಯ ಉಮರ್ಗಾದ ನಮ್ಮ ಮನೆಯ ಗೋಡೆಯಾಚೆಯಿಂದ ಸಾಬೂದಾಣಿ ಖಿಚಡಿಯ ವಾಸನೆ ಬಂತು. ತುಪ್ಪದಲ್ಲಿ ಸಿಡಿದ ಜೀರಿಗೆ, ಅದರ ಬೆನ್ನಿಗೆ ಹುರಿದ ಶೇಂಗಾಪುಡಿ, ಹಸಿಮೆಣಸಿನಕಾಯಿಯ ಘಾಟು. ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನನಗೆ ಹೆದರಿಕೆಯಾಯಿತು. ಒಲೆಯ ಮೇಲಿನ ಚಹಾ ಉಕ್ಕಿ ಹೋಗುವವರೆಗೂ ಅಡಿಗೆಕಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಪಕ್ಕದ ಮನೆಯ ಸೊಸೆ ಉಪವಾಸ ಮಾಡುತ್ತಾಳೆ, ಮಾಡಲಿ. ಮೂವತ್ತರ ಹುಡುಗಿ, ಗಟ್ಟಿಮುಟ್ಟಾಗಿದ್ದಾಳೆ. ಆದರೂ ಗೋಡೆಯ ಮೇಲಿಂದ ಮುಖ ಹಾಕಿ, ಹಸಿವೆ ತಡೆದುಕೊಂಡು ಉಪವಾಸ ಮಾಡುತ್ತೀಯೋ, ಇಲ್ಲಾ ಹಸಿವೆಯೇ ಆಗುತ್ತಿಲ್ಲವೋ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಕೇಳಿದ್ದರೆ ಮೇಡಂಗೆ ತಲೆ ಕೆಟ್ಟಿದೆ ಅನ್ನುತ್ತಿದ್ದಳು, ಅದೂ ಪೂರ್ತಿ ಸುಳ್ಳಾಗುತ್ತಿರಲಿಲ್ಲ.

ಅವ್ವ ಬದುಕಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥದ್ದನ್ನು ಯಾರಾದರೂ ಹೇಳತೊಡಗಿದರೆ ನಾನು ಕೂಡ ಅದೊಂದನ್ನೇ ಹುಡುಕುತ್ತೇನೆ. ಬದುಕಿದ್ದಾಳಲ್ಲ, ಇನ್ನೇನು ಹೆದರಿಕೆ ಎಂದು ಕೇಳುವವರು, ಒಂದು ಶ್ರಾವಣದಿಂದ ಇನ್ನೊಂದು ಶ್ರಾವಣದವರೆಗೆ ಅವ್ವನ ತಾಟು ನೋಡುತ್ತ ಕೂತವರಲ್ಲ.

ನಮ್ಮದು ಜಂಗಮರ ಮನೆ. ಅಪ್ಪ ನಿಲಂಗಾದಲ್ಲಿ ಎಷ್ಟೋ ಮನೆಗಳಿಗೆ ಅಯ್ಯ. ತೊಟ್ಟಿಲಿನಿಂದ ಸಮಾಧಿಯವರೆಗೆ ಆ ಮನೆಗಳಿಗೆ ಅವನ ಕೈಯ ವಿಭೂತಿ ಬೇಕು. ಶ್ರಾವಣ ಬಂತೆಂದರೆ ನಸುಕಿನಲ್ಲಿ ಬಿಲ್ವಪತ್ರಿಯ ಚೀಲ ಹೆಗಲಿಗೆ ಹಾಕಿ ಹೊರಟವನು ಮಧ್ಯಾಹ್ನಕ್ಕೆ ತಿರುಗಿ ಬರುತ್ತಾನೆ. ನಾನು ಅವನ ಒಬ್ಬಳೇ ಮಗಳು, ಉಮರ್ಗಾದ ಒಂದು ಜೂನಿಯರ್ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತೇನೆ. ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಮರಾಠಿಯಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಡಾಕ್ಟರಾಗಿದ್ದಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟೆಲ್ಲ ಕಲಿಸಿದವಳು ಏನು ಮಾಡಿದೆ ಎಂಬುದು ಮುಂದೆ ಬರುತ್ತದೆ.

ಹೋದ ವರ್ಷ ಅವ್ವನಿಗೆ ಐವತ್ತೆಂಟು. ಮದುವೆಗೆ ಮೊದಲಿನಿಂದ ಶ್ರಾವಣ ಪೂರ್ತಿ ಒಂದೊತ್ತು ಉಣ್ಣುವುದು ಅವಳ ಪದ್ಧತಿ. ಸೋಮವಾರ ಸಂಜೆಯವರೆಗೆ ಒಂದು ಲೋಟ ಹಾಲು, ಅಷ್ಟೇ. ಈ ವ್ರತ ಅವಳಿಗೆ ತನ್ನ ತಾಯಿಯಿಂದ ಬಂದದ್ದು. ಆಕೆಯನ್ನು ನಾವು ಆಯಿ ಅನ್ನುತ್ತಿದ್ದೆವು, ಲೋಹಾರಾದಲ್ಲಿದ್ದಳು. ಆಯಿ ತೀರಿಕೊಂಡಾಗ ನನಗೆ ಆರು ವರ್ಷ. ಕೊನೆಯ ವರ್ಷ ಶ್ರಾವಣದಲ್ಲಿ ಹಿಡಿದ ಉಪವಾಸವನ್ನು ಆಕೆ ದೀಪಾವಳಿ ಬಂದರೂ ಬಿಡಲಿಲ್ಲವಂತೆ. ಅನ್ನ ತಾನಾಗಿ ಬಿಟ್ಟಳು, ತೀರ್ಥದ ಮೇಲೆ ಇದ್ದಳು, ಮೈಯೆಲ್ಲ ಕರಗಿತು, ಹೊಟ್ಟೆ ಮಾತ್ರ ತುಂಬಿದ ಕೊಡದ ಹಾಗೆ ಬಿಗಿದು ಹೊಳೆಯುತ್ತಿತ್ತು, ಅದು ಶಿವನ ತೇಜ, ಹಾಗೇ ಕೂತಲ್ಲೇ ಲಿಂಗದಲ್ಲಿ ಒಂದಾದಳು. ನಮ್ಮ ಮನೆಯಲ್ಲಿ ಈ ಕಥೆಯನ್ನು ಇದೇ ಮಾತುಗಳಲ್ಲಿ ಹೇಳುತ್ತಾರೆ. ಲೋಹಾರಾದ ಹೊಲದ ಬದುವಿನ ಮೇಲೆ ಆಯಿಯ ಗದ್ದಿಗೆ ಇದೆ, ಶ್ರಾವಣದಲ್ಲಿ ಊರ ಹೆಂಗಸರು ಅಲ್ಲಿ ದೀಪ ಹಚ್ಚುತ್ತಾರೆ. ನಾನೂ ಹಚ್ಚಿದ್ದೇನೆ.

ಹೋದ ವರ್ಷ ಪಂಚಮಿಗೆ ನಾನು ನಿಲಂಗಾಕ್ಕೆ ಹೋಗಿದ್ದೆ. ಹಿಡಿದ ಮಳೆ ಬಿಟ್ಟಿರಲಿಲ್ಲ. ದಾರಿಯ ಎರಡೂ ಕಡೆ ಸೋಯಾಬೀನು ಮೊಣಕಾಲು ದಾಟಿ ಬೆಳೆದಿತ್ತು, ಎರೆಮಣ್ಣು ಬಸ್ಸಿನ ಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಮನೆಯಲ್ಲಿ ಅವ್ವ ಬಹಳ ಗೆಲುವಾಗಿದ್ದಳು. ಈ ವರ್ಷ ಹಸಿವೆಯ ಕಾಟವೇ ಇಲ್ಲ, ಎರಡು ತುತ್ತಿಗೆ ಹೊಟ್ಟೆ ತುಂಬುತ್ತದೆ, ವ್ರತ ತಾನಾಗಿ ನಡೆದಿದೆ ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ಸೀರೆಯ ನಿರಿಗೆ ಉಬ್ಬಿದ ಹೊಟ್ಟೆಯ ಕೆಳಗೆ ಇಳಿದಿದ್ದನ್ನು ನಾನು ನೋಡಿದೆ. ಲಂಗಕ್ಕೆ ಹೊಸದಾಗಿ ಉದ್ದನೆಯ ಲಾಡಿ ಪೋಣಿಸಿದ್ದನ್ನೂ ನೋಡಿದೆ. ಒಂದು ಲಿಂಗಪೂಜೆ ಮುಗಿಯುವುದರೊಳಗೆ ಎರಡು ಸಲ ಬಚ್ಚಲಿಗೆ ಎದ್ದುಹೋದದ್ದನ್ನು ಕೂಡ ನೋಡಿದೆ. ಮೊದಲನೆಯದಕ್ಕೆ ವಾಯು ಅಂದುಕೊಂಡೆ, ಎರಡನೆಯದಕ್ಕೆ ವಯಸ್ಸು, ಮೂರನೆಯದಕ್ಕೆ ಸಕ್ಕರೆ ಕಾಯಿಲೆ ಇರಬಹುದು. ಒಂದೊಂದು ಪ್ರಶ್ನೆಗೆ ಬೇರೆ ಬೇರೆ ಅಂಕ ಹಾಕಿ, ಕೊನೆಗೆ ಕೂಡಿಸುವುದನ್ನೇ ಮರೆತೆ.

ಮಧ್ಯಾಹ್ನ ಬಳೆಗಾರ್ತಿ ಖಾಜಾಬಿ ಬಂದಳು. ನಮ್ಮ ಓಣಿಯ ಮೂರು ತಲೆಮಾರಿನ ಹೆಂಗಸರ ಕೈಗಳು ಅವಳಿಗೆ ಪರಿಚಯ. ಬುಟ್ಟಿ ಇಳಿಸಿ, ಅವ್ವನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು, ಅದರ ಹಿಂದಿನ ವರ್ಷದ ಅಳತೆಯ ಹಸಿರು ಬಳೆ ಏರಿಸಿದಳು. ಯಾವಾಗಲೂ ಹೆಬ್ಬೆರಳಿನ ಗೆಣ್ಣಿನ ಹತ್ತಿರ ಅವ್ವ ಸ್ವಲ್ಪ ನರಳುತ್ತಿದ್ದಳು. ಈ ಸಲ ಬಳೆ ಒಳಗೆ ಹೋದದ್ದೇ ಗೊತ್ತಾಗಲಿಲ್ಲ. ಖಾಜಾಬಿ ಕೈ ಎತ್ತಿ ಹಿಡಿದಾಗ ಅದು ಮೊಳಕೈವರೆಗೆ ಜಾರಿತು. ಅವಳು ಬಳೆ ನೋಡಿದಳು, ಅವ್ವನ ಹೊಟ್ಟೆ ನೋಡಿದಳು, ಮತ್ತೆ ಬಳೆ ನೋಡಿದಳು.

ವ್ರತದಿಂದ ಇಳಿದಿದ್ದೇನೆ ಎಂದು ಅವ್ವ ನಕ್ಕಳು. ಖಾಜಾಬಿ ನಗಲಿಲ್ಲ.

“ಇದು ಉಪಾಸದ್ದಲ್ಲವ್ವಾ,” ಅಂದಳು. “ಉಪಾಸ ಮಾಡಿದ್ರ ಹೊಟ್ಟಿ ಮೊದಲ ಇಳೀತದ, ಕೈ ಆಮ್ಯಾಲ. ನಿಂದು ಕೈ ಇಳದಾವ, ಹೊಟ್ಟಿ ಏರ್ಯಾದ. ದವಾಖಾನಿಗಿ ತೋರ್ಸು.”

ನನಗೆ ಸಿಟ್ಟು ಬಂತು. ಬುಟ್ಟಿ ಹೊತ್ತು ತಿರುಗುವವಳು ನನ್ನೆದುರು ಶರೀರಶಾಸ್ತ್ರ ಹೇಳುತ್ತಾಳಲ್ಲ ಎಂಬ ಸಿಟ್ಟು. ವಯಸ್ಸಾದ ಮೇಲೆ ಹಾಗೆಲ್ಲ ಆಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ. ಖಾಜಾಬಿ ನನಗೂ ಒಂದು ಡಜನ್ ತೊಡಿಸಿ, ಬುಟ್ಟಿ ಎತ್ತಿಕೊಂಡು ಹೋದಳು. ಅವ್ವ ಮಾತ್ರ ಸಂಜೆಯತನಕ ಆ ಸಡಿಲ ಬಳೆಗಳನ್ನು ಏರಿಸುತ್ತ ಇಳಿಸುತ್ತ ಕೂತಿದ್ದಳು. ನಾನು ಬಸ್ಸಿಗೆ ಹೊರಟಾಗ ಹೇಳಿದಳು: “ಶ್ರಾವಣ ಮುಗೀಲಿ ಗಂಗೂ. ಆಮ್ಯಾಲ ತೋರ್ಸೂಣು.”

ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ಹಗುರ ಅನ್ನಿಸಿತು.

ಆ ಇಪ್ಪತ್ತೈದು ದಿನಗಳನ್ನು ನಾನು ಇವತ್ತಿಗೂ ಎಣಿಸುತ್ತೇನೆ. ಅಪ್ಪ ಹೋದ ಹೋದ ಮನೆಯಲ್ಲಿ ಹೆಂಡತಿಯ ವ್ರತದ ಮಾತು ಹೇಳಿದ. ತಾಯಿಯ ಹಾಗೆಯೇ ಮಗಳು, ಅನ್ನದ ಆಸೆಯೇ ಬಿಟ್ಟಿದ್ದಾಳೆ ಎಂದ. ಹೆಂಗಸರು ಬಂದು ಅವ್ವನ ಕಾಲಿಗೆ ಬಿದ್ದು ಹೋದರು. ಬಿದ್ದವರಿಗೆಲ್ಲ ಅವಳು ಸಣ್ಣಗಾದ ಕೈಯಿಂದ ವಿಭೂತಿ ಹಚ್ಚಿದಳು. ಇತ್ತ ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತ, ನಮ್ಮವ್ವ ಈ ವಯಸ್ಸಿನಲ್ಲೂ ಎರಡು ತುತ್ತಿನ ಮೇಲೆ ತಿಂಗಳು ತೆಗೆಯುತ್ತಾಳೆ ಎಂದು ಹೇಳಿದೆ. ನಾವೆಲ್ಲ ಸೇರಿ ಒಂದು ರೋಗಕ್ಕೆ ನಮಸ್ಕಾರ ಮಾಡುತ್ತಿದ್ದೆವು.

ಶ್ರಾವಣದ ಅಮಾವಾಸ್ಯೆಗೆ ನಮ್ಮ ಕಡೆ ಪೋಳಾ, ಎತ್ತುಗಳ ಹಬ್ಬ. ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳು ಓಣಿಯಲ್ಲಿ ಹಾದುಹೋದ ಮೇಲೆ ಹೋಳಿಗೆಯ ಊಟಕ್ಕೆ ಕೂತೆವು. ಅವ್ವನ ವ್ರತ ಅವತ್ತಿಗೆ ಬಿಟ್ಟಿತ್ತು. ಅಪ್ಪ ತಾನೇ ಅವಳ ತಾಟಿಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದ. ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು, ಇನ್ನೊಂದು ಚೂರು ಮುರಿದಳು, ಅದನ್ನು ಕೈಯಲ್ಲೇ ಹಿಡಿದು ಕೂತಳು. ಅಪ್ಪ, ಮುಗಿಯಿತಲ್ಲ ಇನ್ನು ಉಣ್ಣು ಅಂದ. ಹೊಟ್ಟೆ ತುಂಬಿದೆ ಅಂದಳು. ಇನ್ನೊಂದು ತುತ್ತು ಅಂದ. ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಅವಳ ಕಣ್ಣಲ್ಲಿ ಅವತ್ತು ಮೊದಲ ಸಲ ಹೆದರಿಕೆ ಕಂಡೆ. ಇಷ್ಟು ದಿನ ವ್ರತ ಅಂದಿದ್ದಳು. ಈಗ ಅನ್ನಲಿಕ್ಕೆ ವ್ರತ ಇರಲಿಲ್ಲ. ಬಾಗಿಲಲ್ಲಿ ಯಾರೋ ಎತ್ತಿಗೆ ಹೋಳಿಗೆ ತಿನ್ನಿಸುತ್ತಿದ್ದರು, ಎತ್ತಿನ ಗಂಟೆ ಕೇಳುತ್ತಿತ್ತು.

ಮರುದಿನ ಉದಗೀರಕ್ಕೆ ಹೋದೆವು. ಅಲ್ಲಿ ಒಬ್ಬ ಡಾಕ್ಟರಬಾಯಿ ಇದ್ದಾಳೆ, ಭಾಲ್ಕಿ ತವರಿನವಳು, ಕನ್ನಡ ಮಾತಾಡುತ್ತಾಳೆ. ಅವ್ವನನ್ನು ಮಲಗಿಸಿ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ಮೊದಲು ಏನೇನೋ ಕೇಳುತ್ತಿದ್ದಳು. ಆಮೇಲೆ ಕೇಳುವುದು ನಿಂತಿತು. ಪರದೆಯ ಮೇಲೆ ಕಪ್ಪಗೆ ನೀರು, ನೀರಿನ ನಡುವೆ ತೇಲುವ ಕರುಳು, ಬಲಗಡೆ ಅಂಡಾಶಯ ಇರಬೇಕಾದ ಜಾಗದಲ್ಲಿ ಅಂಚು ಕೆಟ್ಟ ಒಂದು ಗಡ್ಡೆ. ಆ ಚಿತ್ರ ನಾನು ಪುಸ್ತಕದಲ್ಲಿ ನೋಡಿದ್ದೆ. ಗೋಡೆಗೆ ಒರಗಿ ನಿಂತೆ.

ಹೊರಗೆ ಕೂರಿಸಿಕೊಂಡು ಡಾಕ್ಟರಬಾಯಿ ಮನೆತನದ ವಿಷಯ ಕೇಳಿದಳು. ತಾಯಿ, ಅಕ್ಕತಂಗಿಯರು ಯಾರಿಗಾದರೂ ಹೊಟ್ಟೆಯ ಬೇನೆ ಇತ್ತೇ? ಅಪ್ಪ ಇಲ್ಲ ಅಂದ. ಅವ್ವನ ತಾಯಿ ಹೇಗೆ ತೀರಿಕೊಂಡರು ಎಂದಾಗ ಅವನು ಬೆನ್ನು ನೆಟ್ಟಗೆ ಮಾಡಿ ಕೂತ. ಎಷ್ಟೋ ಮನೆಗಳಲ್ಲಿ ಹೇಳಿ ನುಣುಪಾದ ಮಾತುಗಳಲ್ಲಿ ಆಯಿಯ ಕಥೆ ಹೇಳಿದ. ಶ್ರಾವಣದಲ್ಲಿ ಹಿಡಿದ ಉಪವಾಸ, ಕರಗಿದ ಮೈ, ತುಂಬಿದ ಕೊಡದಂಥ ಹೊಟ್ಟೆ. ಡಾಕ್ಟರಬಾಯಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

“ಅಯ್ಯನೋರ, ತಪ್ಪ ತಿಳಕೋಬ್ಯಾಡ್ರಿ,” ಅಂದಳು. “ಆ ತಾಯಿ ಅನ್ನ ಬಿಟ್ಟಿದ್ದಿಲ್ಲ. ಆಕಿಗಿ ಅನ್ನ ಹೋಗ್ತಿದ್ದಿಲ್ಲ.”

ನಾನು ಅಪ್ಪನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಗೆರೆ ಎಳೆದಂತಾಯಿತು, ಆಯಿಯಿಂದ ಅವ್ವನಿಗೆ, ಅವ್ವನಿಂದ ಕೆಳಗೆ. ಆ ಗೆರೆಯ ತುದಿಯಲ್ಲಿ ನಾನು ಕೂತಿದ್ದೆ. ಮನೆಯಲ್ಲಿ ಹದಿನಾರು ವರ್ಷದ ನನ್ನ ಮಗಳಿದ್ದಳು.

ಅವತ್ತು ಅವ್ವನ ಹೊಟ್ಟೆಯಿಂದ ನೀರು ತೆಗೆದರು. ತಿಳಿಹಳದಿ ಬಣ್ಣದ ನೀರು, ಬಾಟಲಿ ತುಂಬಿ ಇನ್ನೊಂದು ಬಾಟಲಿ. ಅವಳಿಗೆ ಉಸಿರು ಹಗುರಾಯಿತು, ಗುಣವಾಯಿತೆಂದೇ ತಿಳಿದಳು. ಆ ನೀರು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು, ಗೊತ್ತಿದ್ದದ್ದೇ ನನ್ನ ಕಷ್ಟವಾಯಿತು. ಮಕ್ಕಳಿಗೆ ನಾನು ಪ್ರತಿವರ್ಷ ಕಲಿಸುವ ಪಾಠ ಅದು: ಚರ್ಮಕ್ಕೆ ಗಾಯವಾದರೆ ಶರೀರ ಕೆಲವು ಪ್ರೋಟೀನುಗಳನ್ನು ಹೊರಡಿಸುತ್ತದೆ, ಅವು ಸುತ್ತಲಿನ ಜೀವಕೋಶಗಳಿಗೆ ಹೇಳುತ್ತವೆ, ಒಡೆದು ಎರಡಾಗಿ, ಬನ್ನಿ, ಈ ಜಾಗ ತುಂಬಿ. ಗ್ರೋಥ್ ಫ್ಯಾಕ್ಟರ್ ಅನ್ನುತ್ತೇವೆ, ಬೆಳವಣಿಗೆಯ ಕರೆ ಎಂದುಕೊಂಡರೆ ಸಾಕು. ಹೆಣ್ಣಿನ ಅಂಡಾಶಯದಲ್ಲಿ ತಿಂಗಳಿಗೊಮ್ಮೆ ಅಂಡ ಹೊರಬಿದ್ದಾಗ ಸಣ್ಣ ಗಾಯವಾಗುತ್ತದೆ, ತಿಂಗಳಿಗೊಮ್ಮೆ ಈ ಕರೆ ಏಳುತ್ತದೆ, ಗಾಯ ಮಾಯುತ್ತದೆ, ಕರೆ ಅಡಗುತ್ತದೆ. ಇಲ್ಲಿವರೆಗೆ ಕಲಿಸಿ ನಾನು ಗಂಟೆ ಹೊಡೆಯುವುದನ್ನು ಕಾಯುತ್ತಿದ್ದೆ. ಆ ಕರೆ ಅಡಗದೆ ಹೋದರೆ ಏನಾಗುತ್ತದೆ ಎಂಬುದು ಮುಂದಿನ ಪುಟದಲ್ಲಿತ್ತು, ಪರೀಕ್ಷೆಗೆ ಅಷ್ಟಾಗಿ ಬರುವುದಿಲ್ಲ ಎಂದು ಬಿಟ್ಟು ಹೋಗುತ್ತಿದ್ದೆ.

ಈಗ ಆ ಪುಟ ಓದಿದೆ. ಕೆಟ್ಟ ಕೋಶ ಬೇರೆಯವರ ಕರೆಗೆ ಕಾಯುವುದಿಲ್ಲ. ತಾನೇ ಕರೆಯುತ್ತದೆ, ತಾನೇ ಕೇಳಿಸಿಕೊಳ್ಳುತ್ತದೆ, ತಾನೇ ಎರಡಾಗುತ್ತದೆ. ಅದರಲ್ಲಿ ಒಂದು ಕರೆ ರಕ್ತನಾಳಗಳಿಗೆ. ಗಡ್ಡೆ ಕರೆದಲ್ಲಿಗೆ ಹೊಸ ನಾಳಗಳು ಚಿಗುರಿ ಬರುತ್ತವೆ, ಅವಸರದಲ್ಲಿ ಬಂದವು, ಗೋಡೆ ಗಟ್ಟಿಯಿಲ್ಲ, ಸೋರುತ್ತವೆ. ಸೋರಿದ್ದೆಲ್ಲ ಹೊಟ್ಟೆಯಲ್ಲಿ ನಿಲ್ಲುತ್ತದೆ. ಓದಿ ಪುಸ್ತಕ ಮುಚ್ಚಿದೆ, ಮತ್ತೆ ತೆರೆದೆ. ಒಂದೊಂದು ಸಾಲೂ ಅವ್ವನ ಮೈಯೊಳಗೆ ಈ ಕ್ಷಣ ನಡೆಯುತ್ತಿದೆ ಎಂದುಕೊಂಡೆ. ಅವತ್ತಿನಿಂದ ನನಗೆ ಹಸಿವೆ ಕಡಿಮೆಯಾಯಿತು, ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಲಾತೂರಿನ ದೊಡ್ಡ ದವಾಖಾನೆಗೆ ಹೋಗುವ ಹಿಂದಿನ ದಿನ ಅವ್ವ ನನ್ನನ್ನು ಹೊರಸಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡಳು. ಎಲ್ಲರೂ ಪಿಸುಗುಟ್ಟುತ್ತೀರಿ, ನನಗೆ ತಿಳಿಯುವ ಹಾಗೆ ಹೇಳು ಅಂದಳು. ಹೊಲದ ಲೆಕ್ಕದಲ್ಲಿ ಹೇಳಿದೆ. ಬಾವಿಯ ನೀರು ಬೆಳೆಗೆ ಹೋಗಬೇಕು. ಕಸ ತನ್ನ ಕಡೆ ತಾನೇ ಪಾಟ, ಅಂದರೆ ನೀರಿನ ಕಾಲುವೆ, ತೋಡಿಕೊಂಡು ನೀರು ಎಳೆದುಕೊಳ್ಳುತ್ತಿದೆ, ಆ ಪಾಟದ ದಂಡೆ ಕಚ್ಚಾ, ಅದಕ್ಕೇ ಹೊಲದಲ್ಲೆಲ್ಲ ನೀರು ನಿಂತಿದೆ.

“ಮೊದಲ ಪಾಟ ಕಟ್ಟಬೇಕು,” ಅಂದಳು ಅವ್ವ. “ಆಮ್ಯಾಲ ಕಸ ಕೀಳಬೇಕು. ಬರೀ ನೀರ ಹೊರಗ ಹಾಕಿದ್ರ ಏನಾಗ್ತದ, ಮತ್ತ ಬರ್ತದ.”

ವೈದ್ಯರು ಒಂದು ವಾರದ ಮೇಲೆ ಹೇಳಲಿದ್ದುದನ್ನು ಬಹುಮಟ್ಟಿಗೆ ಅವಳು ಅಲ್ಲೇ ಹೇಳಿ ಮುಗಿಸಿದಳು. ಕೆಲಸಗಳ ಸರದಿ ಅಷ್ಟೇ ಬೇರೆ.

ಲಾತೂರಿನಲ್ಲಿ ಸ್ಕ್ಯಾನ್ ಕೋಣೆಗೆ ಹೋಗುವ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದರು. ಬಳೆ, ಕಾಲುಂಗುರ, ತಾಳಿ ತೆಗೆದುಕೊಟ್ಟಳು. ಕೊರಳಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ ಉಳಿಯಿತು. ದೀಕ್ಷೆಯಾದ ದಿನದಿಂದ ಅದು ಅವಳ ಮೈ ಬಿಟ್ಟಿರಲಿಲ್ಲ. ನಾನು ಹುಟ್ಟುವಾಗಲೂ ಎದೆಯ ಮೇಲಿತ್ತಂತೆ. ಅವಳು ಶಿವದಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಸಿಸ್ಟರ್ ಅವಸರ ಮಾಡಿದಳು. ಆಗ ಅಪ್ಪ ಮುಂದೆ ಬಂದು ಎಡಗೈ ಒಡ್ಡಿದ. ಅವಳು ತೆಗೆದು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು. ಅವಳು ಹೊರಗೆ ಬರುವವರೆಗೆ ಅಪ್ಪ ಆ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು ನಿಂತೇ ಇದ್ದ, ಕೂರಲು ಹೇಳಿದರೂ ಕೂರಲಿಲ್ಲ. ಹಾದುಹೋಗುವ ಜನ ಅವನನ್ನು ನೋಡುತ್ತಿದ್ದರು. ಅವನ ತುಟಿ ಅಲುಗುತ್ತಿತ್ತು, ಮಂತ್ರವೋ ಬೇರೆ ಏನೋ ನನಗೆ ಕೇಳಿಸಲಿಲ್ಲ.

ಮೊದಲು ಮೂರು ಸಲ ಕಿಮೋ. ಕೂದಲು ಹೋಯಿತು, ನಾಲಗೆಯ ರುಚಿ ಹೋಯಿತು. ಗಡ್ಡೆ ಕುಗ್ಗಿದ ಮೇಲೆ, ಸಂಕ್ರಾಂತಿಯ ಹಿಂದುಮುಂದಿನಲ್ಲಿ, ಆಪರೇಶನ್. ಎದೆಯ ಕೆಳಗಿನಿಂದ ಉದ್ದಕ್ಕೆ ಕೊಯ್ದ ಗಾಯ. ಇದರ ಮೇಲೆ ಇನ್ನೊಂದು ಔಷಧವಿದೆ, ರಕ್ತನಾಳಗಳನ್ನು ಕರೆಯುವ ಆ ಕರೆಯನ್ನೇ ಹಿಡಿದು ನಿಲ್ಲಿಸುವಂಥದ್ದು, ಆದರೆ ಗಾಯ ಪೂರ್ತಿ ಮಾಯುವವರೆಗೆ ಕೊಡುವಂತಿಲ್ಲ ಎಂದರು ಅಲ್ಲಿನ ವೈದ್ಯರು. ಏಕೆಂದು ಅಪ್ಪ ಕೇಳಿದ. ಗಾಯ ಮಾಯುವುದಕ್ಕೂ ಅದೇ ಕರೆ ಬೇಕು ಎಂದರು.

ಇಡೀ ವರ್ಷದಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಆ ವಾರಗಳಲ್ಲಿ. ಅವ್ವನ ಹೊಲಿಗೆ ಬೇಗ ಕೂಡಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ, ಬೇಡಿಕೊಳ್ಳುವಾಗಲೇ ಹೆದರುತ್ತಿದ್ದೆ. ಗಾಯ ಕೂಡಿಸುವ ಕರೆ, ಒಳಗೆಲ್ಲೋ ಕಣ್ಣಿಗೆ ಬೀಳದೆ ಉಳಿದ ರೋಗದ ಒಂದು ಕಾಳಿಗೂ ಕೇಳಿಸಿದರೆ? ಬಟ್ಟೆ ಬದಲಿಸುವಾಗ ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಕಂಡು ಸಿಸ್ಟರ್ ಖುಷಿಪಟ್ಟಳು. ನಾನು ಆ ಗುಲಾಬಿ ಬಣ್ಣವನ್ನೇ ನೋಡುತ್ತ, ಇಷ್ಟು ಸಾಕು, ಇಲ್ಲಿಗೆ ನಿಲ್ಲು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ.

ಅಪ್ಪನಿಗೂ ಏನೋ ಆಯಿತು. ಗಾಯ ಮಾಯುವ ದಿನಗಳಲ್ಲಿ ಒಂದು ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದ. ಕೂಸಿನ ನೆತ್ತಿಯ ಮೇಲೆ ಕೈಯಿಟ್ಟು, ಬೆಳೀಲಿ ಎಂದು ಹರಸುವ ಕಡೆ ಮಾತು ಬರದೆ ನಿಂತನಂತೆ. ನಲವತ್ತು ವರ್ಷ ಹೇಳಿದ ಮಾತು. ಬರೀ ವಿಭೂತಿ ಹಚ್ಚಿ ಮನೆಗೆ ಬಂದೆ ಎಂದು ನನಗೊಬ್ಬಳಿಗೇ ಹೇಳಿದ. ಆಮೇಲೆ ಮಾತು ತಿರುಗಿ ಬಂತು, ಆದರೆ ಯಾರ ಮನೆಯಲ್ಲೂ ಉಪವಾಸದ ಹೊಗಳಿಕೆ ಮಾಡುವುದನ್ನು ಬಿಟ್ಟ. ಆಯಿಯ ಕಥೆಯನ್ನೂ ಬಿಟ್ಟ. ಒಂದು ದಿನ ಖಾಜಾಬಿ ಓಣಿಯಲ್ಲಿ ಸಿಕ್ಕಾಗ ಅವನು ನಿಂತು, ಜನ ನೋಡುತ್ತಿರುವಂತೆಯೇ ಅವಳಿಗೆ ಕೈ ಮುಗಿದ. ಅವಳು ಬುಟ್ಟಿ ಹೊತ್ತವಳು ಏನು ಮಾಡಬೇಕೆಂದು ತಿಳಿಯದೆ ಸೆರಗು ಸರಿಪಡಿಸಿಕೊಂಡಳು. ನಾನು ಆಮೇಲೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕುಡಿ ಅಂದಳು, ಅಷ್ಟೇ.

ಗಾಯ ಮಾಯಿತು. ಉಳಿದ ಕಿಮೋ, ಅದರ ಸಂಗಡ ಆ ಹೊಸ ಔಷಧ. ಕಿಮೋ ಮುಗಿದ ಮೇಲೂ ಮೂರು ವಾರಕ್ಕೊಮ್ಮೆ ಅದರ ಸಲಾಯಿನ್ ನಡೆದಿದೆ. ಅದು ಬಿಪಿ ಏರಿಸುತ್ತದೆ, ಅದಕ್ಕೆ ಅಪ್ಪ ಒಂದು ಯಂತ್ರ ತಂದು, ದಿನಾ ಪೂಜೆಯಾದ ಮೇಲೆ ಅವ್ವನ ತೋಳಿಗೆ ಪಟ್ಟಿ ಸುತ್ತಿ ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಾನೆ. ರಕ್ತದ ವರದಿಗಳು ಇಳಿದಿವೆ.

ಆದರೆ ಬೇಸಿಗೆಯಲ್ಲಿ ಇನ್ನೊಂದು ವರದಿ ಬಂದಿತ್ತು. ಜೀವಕೋಶದೊಳಗಿನ ಡಿಎನ್ಎ ತಂತು ಹರಿದರೆ ದುರಸ್ತಿ ಮಾಡುವ ಒಂದು ಜೀನು ಅವ್ವನಿಗೆ ಹುಟ್ಟಿನಿಂದಲೇ ಕೆಟ್ಟಿದೆ. ಆಯಿಯಿಂದ ಬಂದಿರಬೇಕು, ಮಗಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನಾನೂ ರಕ್ತ ಕೊಟ್ಟು ನೋಡಿಸಬೇಕು, ಬಂದಿದ್ದರೆ ರೋಗ ಹುಟ್ಟುವ ಮೊದಲೇ ದಾರಿಗಳಿವೆ. ಉದಗೀರದ ಡಾಕ್ಟರಬಾಯಿ ಎರಡು ಸಲ ಫೋನ್ ಮಾಡಿದಳು. ಪರೀಕ್ಷೆಯ ಪೇಪರು ತಿದ್ದುವುದಿದೆ ಅಂದೆ. ಆಮೇಲೆ ಅಡ್ಮಿಶನ್ ಅಂದೆ. ಆಮೇಲೆ ಮಗಳ ಹನ್ನೊಂದನೇ ಇಯತ್ತೆ. ಎಲ್ಲವೂ ನಿಜವಾದ ಕಾರಣಗಳೇ. ಹೋದ ವರ್ಷ ಅವ್ವನಿಗೂ ಒಂದು ನಿಜವಾದ ಕಾರಣ ಇತ್ತು.

ಹೀಗೆ ಈ ಶ್ರಾವಣ ಬಂತು. ಶ್ರಾವಣ ಸೋಮವಾರ ನಮ್ಮಲ್ಲಿ ಅರ್ಧ ದಿನ ಕಾಲೇಜು. ಮುಂಜಾನೆಯ ಆ ಖಿಚಡಿಯ ವಾಸನೆ ಮೂಗಿನಲ್ಲಿ ಕೂತೇ ಇತ್ತು, ಪಾಠ ಮುಗಿಸಿ ನಿಲಂಗಾದ ಬಸ್ಸು ಹತ್ತಿದೆ. ಒಂದೇ ಮಾತು ತಲೆಯಲ್ಲಿ: ಅವ್ವ ಇವತ್ತು ಉಪವಾಸ ಹಿಡಿದಿರುತ್ತಾಳೆಯೇ? ಹಿಡಿದಿದ್ದರೆ ಅದು ಉಪವಾಸವೋ, ಮತ್ತೆ ಅದೋ, ಹೇಗೆ ತಿಳಿಯಬೇಕು?

ಬಾಗಿಲು ದಾಟಿದಾಗ ಅಪ್ಪ ಅಡಿಗೆಮನೆಯಲ್ಲಿ ಮಣೆ ಹಾಕುತ್ತಿದ್ದ. ತಾನು ಉಪವಾಸವಿದ್ದ, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವ್ವನ ತಾಟು, ನನ್ನ ತಾಟು ಎದುರುಬದುರು ಇಟ್ಟ. ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯ, ಶೇಂಗಾಹಿಂಡಿ ಬಡಿಸಿ, ಶ್ರಾವಣ ಸೋಮವಾರ ಹಾಡುಹಗಲಲ್ಲಿ ಹೆಂಡತಿಗೆ ಉಣ್ಣು ಅಂದ. ಅವ್ವ ಒಂದು ಕ್ಷಣ ಕರಡಿಗೆ ಮುಟ್ಟಿಕೊಂಡಳು. ನಲವತ್ತಕ್ಕೂ ಹೆಚ್ಚು ಶ್ರಾವಣ ಕಾಯ್ದ ವ್ರತ. ಆಮೇಲೆ ತುತ್ತು ಎತ್ತಿದಳು.

ನಾನು ಎಣಿಸಿದೆ. ವರ್ಷದಿಂದ ಎಣಿಸುತ್ತ ಬಂದಿದ್ದೇನೆ, ಈಗ ಎಣಿಸುತ್ತಿದ್ದೇನೆ ಎಂಬುದೂ ನನಗೆ ಗೊತ್ತಾಗುವುದಿಲ್ಲ. ಅರ್ಧ ರೊಟ್ಟಿ. ಒಂದು. ಒಂದೂವರೆ. ಇನ್ನರ್ಧ ಹಾಕು ಅಂದಳು. ಹಸಿವೆಯಿಂದ ಕೇಳಿದಳೋ, ನನ್ನ ಮುಖ ನೋಡಿ ಕೇಳಿದಳೋ, ತಿಳಿಯಲಿಲ್ಲ. ಉಣ್ಣುತ್ತ ಉಣ್ಣುತ್ತ ಅವಳ ಕಣ್ಣು ನನ್ನ ತಾಟಿಗೆ ಬಂತು. ಅಲ್ಲಿ ಅಪ್ಪ ಹಾಕಿದ ರೊಟ್ಟಿ ಒಂದು ಮೂಲೆ ಮುರಿದು ಹಾಗೇ ಇತ್ತು.

ಉಣ್ಣವಲ್ಲೆಯಲ್ಲ, ಯಾಕೆ ಎಂದು ಕೇಳಿದಳು.

“ಸಾಕವ್ವಾ,” ಅಂದೆ. “ಹೊಟ್ಟಿ ತುಂಬ್ತು.”

ಅಪ್ಪನ ಕೈಯ ಸೌಟು ಪಲ್ಯದ ಪಾತ್ರೆಯ ಮೇಲೆ ನಿಂತಿತು. ಬಸ್ಸಿನಲ್ಲಿ ಬಂದೆನಲ್ಲ, ಚಹಾ ಬೇರೆ ಕುಡಿದಿದ್ದೆ ಎಂದು ಏನೇನೋ ಹೇಳಿದೆ. ರಕ್ತ ಕೊಟ್ಟೆಯಾ ಎಂದು ಅವ್ವ ಕೇಳಿದಳು. ನನ್ನ ಬಾಯಿಂದ ಮಾತು ಸಿದ್ಧವಾಗಿಯೇ ಇದ್ದಂತೆ ಬಿತ್ತು: “ಶ್ರಾವಣ ಮುಗೀಲಿ ಅವ್ವಾ.”

ಅವ್ವ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿ, ನನ್ನ ಎಡಗೈ ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹೋದ ವರ್ಷ ಖಾಜಾಬಿ ತೊಡಿಸಿದ ಹಸಿರು ಬಳೆಗಳಲ್ಲಿ ಒಡೆಯದೆ ಉಳಿದ ಐದು ಆ ಕೈಯಲ್ಲಿದ್ದವು. ಅವನ್ನು ಬೆರಳಿನಿಂದ ಮೆಲ್ಲಗೆ ಮೇಲೆ ತಳ್ಳಿದಳು. ಮಣಿಕಟ್ಟು ದಾಟಿದವು. ಇನ್ನೂ ತಳ್ಳಿದಳು. ಹೋದ ವರ್ಷ ಅವು ಮಣಿಕಟ್ಟಿನಿಂದ ಮೂರು ಬೆರಳು ಮೇಲೆ ನಿಲ್ಲುತ್ತಿದ್ದವು. ಈಗ ಮೊಳಕೈಗೆ ನಾಲ್ಕು ಬೆರಳು ಉಳಿದಾಗ ನಿಂತವು. ಅವಳು ಆ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಹೆದರಿಕೆಯಿಂದ ಇಳಿದ ಕೈ ಎಂದು ಹೇಳಬೇಕೆಂದುಕೊಂಡೆ, ಇದ್ದರೂ ಇರಬಹುದು, ನನಗೆ ಗೊತ್ತಿರಲಿಲ್ಲ.

“ನಾಳಿಗಿ ಉದಗೀರಕ್ಕ ಹೋಗೂಣು,” ಅಂದಳು. “ನಾ ಬರ್ತೀನಿ ನಿನ್ನ ಸಂಗಟ. ಈಗ ಉಣ್ಣು, ನಾ ನೋಡ್ತೀನಿ.”

ಅಪ್ಪ ತಣ್ಣಗಾದ ರೊಟ್ಟಿ ತೆಗೆದು ಬಿಸಿಯದು ಹಾಕಿದ. ನಾನು ಉಂಡೆ. ಒಂದೊಂದು ತುತ್ತು ಬಾಯಿಗೆ ಹೋಗುವವರೆಗೆ ಅವರಿಬ್ಬರ ಕಣ್ಣು ನನ್ನ ಕೈ ಬಿಡಲಿಲ್ಲ. ಅವ್ವ ಈ ಇಡೀ ವರ್ಷ ನನ್ನೆದುರಿಗೆ ಹೇಗೆ ಉಂಡಿರಬಹುದು ಎಂಬುದು ಆಗ ನನಗೆ ತಿಳಿಯಿತು.